ಗೋದಲಿಯ ನಾಟಕದಲ್ಲಿ ಎಲ್ಲ ಮಕ್ಕಳಿಗೂ ಜಾಗವಿರಲಿ

ಪ್ರತಿವರ್ಷ ನವೆಂಬರ್ ತಿಂಗಳು ಮುಗಿಯುತ್ತ ಬಂದಂತೆ ನಮ್ಮ ಖಾಸಗಿ ಶಾಲೆಗಳಲ್ಲಿ ಒಂದು ವಿಶೇಷ ಸಡಗರ ಆರಂಭವಾಗುತ್ತದೆ. ಪ್ರಾಥಮಿಕ ತರಗತಿಯ ಮಕ್ಕಳು ಕ್ರಿಸ್ತ ಜನನದ ಗೀತನಾಟಕಕ್ಕೆ ತಾಲೀಮು ಶುರು ಮಾಡುತ್ತಾರೆ. ಹಿಂದೆ ಬೆಂಗಳೂರು, ಮಂಗಳೂರುಗಳ ಮಿಷನ್ ಶಾಲೆಗಳಲ್ಲಿ ಮಾತ್ರ ಕಾಣುತ್ತಿದ್ದ ಈ ಪದ್ಧತಿ ಈಗ ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿಗಳಂತಹ ತಾಲ್ಲೂಕು ಕೇಂದ್ರಗಳಿಗೂ ಬಂದಿದೆ. ಮಕ್ಕಳು ವೇದಿಕೆ ಏರಿ ಹಾಡುವುದು, ಅದೂ ತಮ್ಮದಲ್ಲದ ಒಂದು ಸಂಪ್ರದಾಯದ ಕಥೆಯನ್ನು ಹಾಡುವುದು ಒಳ್ಳೆಯದೇ. ಆದರೆ ಅದನ್ನು ನಾವು ಆಡಿಸುತ್ತಿರುವ ರೀತಿಯ ಬಗ್ಗೆ ಕೆಲವು ಮಾತುಗಳನ್ನು ಹೇಳಬೇಕಾಗಿದೆ.

ನಿವೃತ್ತಿಯ ನಂತರ ನಾನು ಹುಟ್ಟೂರಿನ ಕಡೆಗೆ ಬಂದು ನೆಲೆಸಿದ್ದೇನೆ. ಮಾಜಿ ಅಧಿಕಾರಿ ಎಂಬ ಕಾರಣಕ್ಕೆ ಇಲ್ಲಿನ ಶಾಲೆಗಳವರು ಆಗಾಗ ಮುಖ್ಯ ಅತಿಥಿಯಾಗಿ ಕರೆಯುವುದುಂಟು. ಹಾಗೆ ಒಂದು ಡಿಸೆಂಬರ್‌ನಲ್ಲಿ ಇಂತಹುದೇ ನಾಟಕವೊಂದನ್ನು ನೋಡಲು ಹೋಗಿದ್ದೆ. ನಮ್ಮ ಓಣಿಯ ಹಮಾಲಿಯೊಬ್ಬರ ಮಗ ಆ ಶಾಲೆಯ ಮೂರನೆಯ ತರಗತಿಯಲ್ಲಿ ಓದುತ್ತಿದ್ದ. ಕುರಿಗಾಹಿಯ ಪಾತ್ರ ಸಿಕ್ಕಿದೆ ಎಂದು ಅವನು ಎರಡು ವಾರಗಳಿಂದ ಎಲ್ಲರಿಗೂ ಸಾರಿಕೊಂಡು ಬಂದಿದ್ದ. ಅವನ ಪಾಲಿಗಿದ್ದದ್ದು ಒಂದೇ ಮಾತು: ‘ಲುಕ್, ಎ ಬ್ರೈಟ್ ಸ್ಟಾರ್’. ಹಾಗೆಂದರೇನು ಎಂದು ನಾನು ಕೇಳಿದ್ದೆ. ‘ಅದು ನಾನು ಅನ್ನೋ ಮಾತ್ರೀ ಅಜ್ಜಾ’ ಎಂದಿದ್ದ. ನಾಟಕ ಆರಂಭವಾದಾಗ ಕುರಿಗಾಹಿಗಳ ಸಾಲಿನಲ್ಲಿ ಅವನಿರಲಿಲ್ಲ. ಮುಂದಿನ ಜಮಖಾನೆಯ ಮೇಲೆ ಕುಳಿತ ಮಕ್ಕಳ ನಡುವೆ ಅವನಿದ್ದ. ಬೇರೊಬ್ಬ ಹುಡುಗ ಆ ಮಾತನ್ನು ಆಡುವಾಗ ಇವನ ತುಟಿಗಳೂ ಅಲುಗುತ್ತಿದ್ದವು.

ಮರುದಿನ ಅವನ ತಾಯಿಯನ್ನು ವಿಚಾರಿಸಿದೆ. ಉಡುಪಿನ ಬಾಡಿಗೆ, ಫೋಟೊ, ವಿಡಿಯೊ ಎಲ್ಲ ಸೇರಿಸಿ ಸಾವಿರದ ಇನ್ನೂರು ರೂಪಾಯಿ ಕಟ್ಟಬೇಕಿತ್ತಂತೆ. ‘ಕಂಬಳಿ ನಮ್ಮ ಮನ್ಯಾಗ ಐತ್ರಿ ಸಾಹೇಬ್ರ, ಕೋಲೂ ಐತಿ. ಅದು ನಡೆಯಂಗಿಲ್ಲ ಅಂದ್ರಂತ’ ಎಂದರು. ಆ ಮಾತಿನಲ್ಲಿ ದೂರಿನ ದನಿಯಿರಲಿಲ್ಲ. ವೇದಿಕೆಯ ಮೇಲಿದ್ದ ಕುರಿಗಾಹಿಗಳು ಹೊಳೆಯುವ ಸ್ಯಾಟಿನ್ ನಿಲುವಂಗಿ ತೊಟ್ಟಿದ್ದರು. ಅವರಲ್ಲಿ ಎಷ್ಟು ಮಕ್ಕಳು ಕುರಿಯ ಬೆನ್ನು ಮುಟ್ಟಿದ್ದರೋ ನಾನರಿಯೆ. ಈ ಹುಡುಗನ ಅಜ್ಜ ಮಾತ್ರ ಹಡಗಲಿ ಸೀಮೆಯಲ್ಲಿ ಈಗಲೂ ಕುರಿ ಕಾಯುತ್ತಾರೆ. ರಜೆಯಲ್ಲಿ ಹುಡುಗನೂ ಹಟ್ಟಿಯಲ್ಲಿ ಮಲಗಿ ಬಂದವನೇ.

ಶಾಲೆಯವರು ಕ್ರೂರಿಗಳೆಂದು ನಾನು ಹೇಳುವುದಿಲ್ಲ. ಶುಲ್ಕ ತೆರುವ ಪೋಷಕರು ಹಣಕ್ಕೆ ತಕ್ಕ ಥಳಕನ್ನು ಬಯಸುತ್ತಾರೆ. ಆ ಥಳಕನ್ನು ತೋರಿಸಿ ಶಾಲೆ ಮುಂದಿನ ವರ್ಷದ ದಾಖಲಾತಿಯನ್ನು ಬಯಸುತ್ತದೆ. ಇಬ್ಬರ ಲೆಕ್ಕಾಚಾರವೂ ಅವರವರ ಮಟ್ಟಿಗೆ ಸರಿಯೇ. ಆದರೆ ಈ ಎರಡು ಲೆಕ್ಕಗಳ ನಡುವೆ ಒಂದು ಮಗು ಜಮಖಾನೆಯ ಮೇಲೆ ಉಳಿಯುತ್ತದೆ. ಇದನ್ನೆಲ್ಲ ಈಗ ಬರೆಯುತ್ತಿರುವ ನಾನು ಅಂದು ಏನನ್ನೂ ಕೇಳಲಿಲ್ಲ. ಮಗು ಕೆಳಗೆ ಕುಳಿತದ್ದನ್ನು ಕಣ್ಣಾರೆ ಕಂಡೂ, ಕಾರ್ಯಕ್ರಮ ಅದ್ಭುತವಾಗಿತ್ತೆಂದು ಭಾಷಣ ಮಾಡಿ, ಶಾಲು ಹೊದ್ದು ಮನೆಗೆ ಬಂದೆ. ಈ ಲೇಖನಕ್ಕೆ ಆ ಮೌನವೂ ಒಂದು ಕಾರಣ.

ನಾಟಕದ ಕಥೆಯನ್ನೇ ಒಮ್ಮೆ ನೋಡೋಣ. ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯ ಒಂದು ಸರ್ಕಾರಿ ಆದೇಶದಿಂದ ಆರಂಭವಾಗುತ್ತದೆ. ರೋಮಿನ ಚಕ್ರವರ್ತಿ ಔಗುಸ್ತನು ಜನಗಣತಿಗೆ ಅಪ್ಪಣೆ ಹೊರಡಿಸುತ್ತಾನೆ. ಎಲ್ಲರೂ ತಮ್ಮ ತಮ್ಮ ಮೂಲ ಊರುಗಳಿಗೆ ಹೋಗಿ ಹೆಸರು ಬರೆಸಬೇಕು. ಆ ಕಾರಣಕ್ಕಾಗಿ ಯೋಸೇಫನು ತುಂಬು ಗರ್ಭಿಣಿ ಮರಿಯಳೊಡನೆ ನಜರೇತಿನಿಂದ ಬೆತ್ಲೆಹೇಮಿಗೆ ಬರುತ್ತಾನೆ. ಛತ್ರದಲ್ಲಿ ಸ್ಥಳ ಸಿಗುವುದಿಲ್ಲ. ಹುಟ್ಟಿದ ಮಗುವನ್ನು ಗೋದಲಿಯಲ್ಲಿ ಮಲಗಿಸುತ್ತಾರೆ. ಈ ಗಣತಿಯ ಕಾಲದ ಬಗ್ಗೆ ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯಗಳಿವೆ. ಅದೇನೇ ಇರಲಿ, ಕಂದಾಯ ಇಲಾಖೆಯಲ್ಲಿ ದುಡಿದ ನನ್ನಂಥವನಿಗೆ ಈ ಆರಂಭ ಬಹಳ ಪರಿಚಿತವೆನಿಸುತ್ತದೆ. ದಾಖಲೆಗಾಗಿ ಬಡವನು ದಾರಿ ಸವೆಸುವುದು ಎರಡು ಸಾವಿರ ವರ್ಷ ಹಿಂದಿನ ಸಂಗತಿಯಷ್ಟೇ ಅಲ್ಲ. ನಮ್ಮ ಹರಪನಹಳ್ಳಿಯನ್ನೇ ನೋಡಿ: 1997ರಲ್ಲಿ ಬಳ್ಳಾರಿ ಜಿಲ್ಲೆಯಿಂದ ದಾವಣಗೆರೆಗೆ, 2018ರಲ್ಲಿ ಮತ್ತೆ ಬಳ್ಳಾರಿಗೆ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಒಂದೇ ತಲೆಮಾರಿನ ಜನ ಒಂದೇ ಮನೆಯಲ್ಲಿ ಕುಳಿತು, ಕಾಗದಪತ್ರಕ್ಕಾಗಿ ಮೂರು ಜಿಲ್ಲಾ ಕೇಂದ್ರಗಳ ಬಸ್ಸು ಹತ್ತಿದ್ದಾರೆ.

2001ರ ಜನಗಣತಿಯ ವೇಳೆ ನಾನು ತಹಶೀಲ್ದಾರನಾಗಿದ್ದೆ. ವಸತಿರಹಿತರನ್ನು ಫೆಬ್ರುವರಿ 28ರ ರಾತ್ರಿ ಎಣಿಸಬೇಕೆಂಬುದು ನಿಯಮ. ಗಣತಿದಾರರಾಗಿದ್ದ ಶಿಕ್ಷಕರೊಡನೆ ಬಸ್ ನಿಲ್ದಾಣ, ಗುಡಿಗಳ ಪೌಳಿ, ಸಂತೆ ಮಾಳಗಳನ್ನು ಸುತ್ತಿದೆ. ಒಂದು ಕಟ್ಟೆಯ ಮೇಲೆ ಕಬ್ಬು ಕಡಿಯಲು ಬಂದಿದ್ದ ಕುಟುಂಬವೊಂದಿತ್ತು. ಹೆರಿಗೆಯಾಗಿ ಹತ್ತು ದಿನವೂ ಆಗಿರದ ಬಾಣಂತಿ, ಗೋಣಿತಾಟಿನ ಮೇಲೆ ಮಗು. ಮಗುವಿನ ಹೆಸರೇನು ಎಂದು ಶಿಕ್ಷಕರು ಕೇಳಿದರು. ಇನ್ನೂ ಇಟ್ಟಿಲ್ಲ ಎಂದಳು. ಹೆಸರಿಡದ ಮಗುವನ್ನೂ ಬಿಡದೆ ಎಣಿಸಬೇಕು, ಎಣಿಸಿದೆವು. ಮುಂದಿನ ಕಟ್ಟೆಗೆ ಹೋದೆವು. ಆ ರಾತ್ರಿ ನಾವು ಮಾಡಬಹುದಾದದ್ದು ಬೇರೇನಾದರೂ ಇತ್ತೇ ಎಂಬ ಪ್ರಶ್ನೆ ಅಂದು ನನಗೆ ಹೊಳೆಯಲಿಲ್ಲ. ನಮೂನೆ ಪೂರ್ಣಗೊಂಡಿತ್ತು, ಅಷ್ಟೇ. ಗೋದಲಿಯ ಕಥೆ ಕೇಳಿದಾಗಲೆಲ್ಲ ನನಗೆ ಆ ಕಟ್ಟೆ ನೆನಪಾಗುತ್ತದೆ.

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 114 ಹಿಂದುಳಿದ ತಾಲ್ಲೂಕುಗಳಲ್ಲಿ ಹರಪನಹಳ್ಳಿಯೂ ಒಂದು. ಮಳೆ ಕೈಕೊಟ್ಟ ವರ್ಷ ಇಲ್ಲಿನ ಜನ ಗುಳೆ ಹೋಗುತ್ತಾರೆ. ಬೆಂಗಳೂರಿನ ಕಟ್ಟಡಗಳಿಗೆ, ಮಲೆನಾಡಿನ ಕಾಫಿ ತೋಟಗಳಿಗೆ ಹೋಗುವ ಆ ಗುಂಪುಗಳಲ್ಲಿ ಗರ್ಭಿಣಿಯರೂ ಇರುತ್ತಾರೆ, ಶಾಲೆ ಬಿಟ್ಟ ಮಕ್ಕಳೂ ಇರುತ್ತಾರೆ. ಹೋದ ಊರಿನಲ್ಲಿ ಸ್ಥಳವಿಲ್ಲ ಎನ್ನಿಸಿಕೊಂಡ ಅನುಭವ ನಮ್ಮ ಸೀಮೆಯ ಎಷ್ಟೋ ಮಕ್ಕಳಿಗೆ ಕಥೆಯಲ್ಲ. ಇಂತಹ ಮಕ್ಕಳಿಗೆ ಈ ನಾಟಕದ ಒಳಗುಟ್ಟನ್ನು ಯಾರೂ ವಿವರಿಸಬೇಕಾಗಿಲ್ಲ. ನಾವು ಮಾಡುತ್ತಿರುವುದೇನೆಂದರೆ, ಸ್ಥಳ ಸಿಗದವರ ಕಥೆಯನ್ನು ಆಡುವ ವೇದಿಕೆಯಲ್ಲಿಯೇ ಅವರಿಗೆ ಸ್ಥಳವಿಲ್ಲದಂತೆ ಮಾಡುವುದು.

ಈ ಕಥೆ ಕನ್ನಡಕ್ಕೆ ಹೊಸದಲ್ಲ. ನಮ್ಮ ಸೀಮೆಗಂತೂ ಅಲ್ಲವೇ ಅಲ್ಲ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಕನ್ನಡ ಬೈಬಲ್ಲಿನ ಅನುವಾದ ಅಲ್ಲಿಯೇ ನಡೆದು, 1830ರ ದಶಕದ ಆರಂಭದ ಹೊತ್ತಿಗೆ ಪೂರ್ಣಗೊಂಡಿತು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, ಮರುವರ್ಷ ಅಚ್ಚಿಗಾಗಿ ಬಳ್ಳಾರಿಗೆ ಬಂದದ್ದಕ್ಕೂ ಅಲ್ಲಿದ್ದ ಮುದ್ರಣಾಲಯವೇ ಆಸರೆಯಾಯಿತು. ಬೆತ್ಲೆಹೇಮಿನ ಕೊಟ್ಟಿಗೆ ಇಡಿಯಾಗಿ ಕನ್ನಡ ಮಾತಾಡಿದ್ದು ಹೀಗೆ ನಮ್ಮ ಹಳೆಯ ಜಿಲ್ಲಾ ಕೇಂದ್ರದಲ್ಲಿಯೇ. ನಿಘಂಟುಕಾರ ಫರ್ಡಿನೆಂಡ್ ಕಿಟೆಲ್ 1862ರಲ್ಲಿ ಪ್ರಕಟಿಸಿದ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಬದುಕನ್ನು ಕನ್ನಡದ ದೇಶೀಯ ಛಂದಸ್ಸಿಗೆ ತಂದರು. ಜರ್ಮನಿಯಿಂದ ಬಂದ ಪಾದ್ರಿಯೇ ಕನ್ನಡಿಗರಿಗೆ ಈ ಕಥೆಯನ್ನು ಕನ್ನಡದ ಧಾಟಿಯಲ್ಲಿ ಹೇಳಬೇಕೆಂದು ಬಗೆದರು. ಮಂಜೇಶ್ವರದ ಗೋವಿಂದ ಪೈಗಳು ‘ಗೊಲ್ಗೊಥಾ’ ಬರೆದಾಗ ಅದನ್ನು ಪರಮತದ ಕಾವ್ಯವೆಂದು ಯಾರೂ ದೂರವಿಡಲಿಲ್ಲ. ನೂರಾರು ವರ್ಷಗಳ ಇಷ್ಟೆಲ್ಲ ಸಿದ್ಧತೆ ಮನೆಯಲ್ಲಿಯೇ ಇರುವಾಗ, ನಾವು ಹರಪನಹಳ್ಳಿಯ ಮಕ್ಕಳ ಬಾಯಲ್ಲಿ ಅರ್ಥವಾಗದ ಇಂಗ್ಲಿಷ್ ಸಾಲುಗಳನ್ನು ತುರುಕಿ, ತಲೆಯ ಮೇಲೆ ಹತ್ತಿಯ ಹಿಮ ಸುರಿಸುತ್ತಿದ್ದೇವೆ. ಪಾಠವನ್ನು ಬಾಯಿಗೆ ತುರುಕಿಸಿಕೊಂಡೇ ಸತ್ತ ಗಿಳಿಯ ಕಥೆಯನ್ನು ರವೀಂದ್ರನಾಥ ಟ್ಯಾಗೋರರು ಬರೆದಿದ್ದರು, ಬಿ.ವಿ. ಕಾರಂತರು ಅದನ್ನು ‘ಪಂಜರ ಶಾಲೆ’ಯಾಗಿಸಿ ಮಕ್ಕಳ ಮುಂದಿಟ್ಟಿದ್ದರು. ಆ ಗಿಳಿಯನ್ನು ನಾವು ಇಷ್ಟು ಬೇಗ ಮರೆಯಬಾರದಿತ್ತು.

ಇಲ್ಲಿ ಇನ್ನೊಂದು ಬಗೆಯ ಆಕ್ಷೇಪ ಏಳುತ್ತದೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರ ಪ್ರಮಾಣ ಶೇ 1.87. ಹೀಗಿರುವಾಗ ನಮ್ಮ ಮಕ್ಕಳಿಗೆ ಈ ನಾಟಕವೇಕೆ ಎಂದು ಕೆಲವರು ಕೇಳುತ್ತಾರೆ. ಕೇಳುವುದಕ್ಕಷ್ಟೇ ನಿಲ್ಲದೆ ಅಡ್ಡಿಪಡಿಸಿದ ಪ್ರಸಂಗಗಳೂ ಉಂಟು. 2021ರ ಡಿಸೆಂಬರ್‌ನಲ್ಲಿ ಮಂಡ್ಯ ಜಿಲ್ಲೆಯ ಪಾಂಡವಪುರದ ಶಾಲೆಯೊಂದರಲ್ಲಿ ಕ್ರಿಸ್‌ಮಸ್ ಆಚರಣೆಗೆ ಗುಂಪೊಂದು ನುಗ್ಗಿ ತಡೆಯೊಡ್ಡಿದ್ದು ಸುದ್ದಿಯಾಗಿತ್ತು. ಮಕ್ಕಳೆದುರು ನಡೆಯುವ ಅಂತಹ ಕೂಗಾಟ ಯಾವ ಧರ್ಮಕ್ಕೂ ಗೌರವ ತರುವುದಿಲ್ಲ. ಆದರೂ ಪ್ರಶ್ನೆಯನ್ನು ಪ್ರಶ್ನೆಯಾಗಿ ಎದುರಿಸಬೇಕು.

ಸಂವಿಧಾನದ 28ನೇ ವಿಧಿ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಸಂಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಗಳಲ್ಲಿ ಧಾರ್ಮಿಕ ಬೋಧನೆ ಕೂಡದು. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಗಳಲ್ಲಿ ಮಗುವನ್ನು ಧಾರ್ಮಿಕ ಬೋಧನೆ ಇಲ್ಲವೇ ಪೂಜೆಯಲ್ಲಿ ಪಾಲ್ಗೊಳಿಸಬೇಕಾದರೆ ಪೋಷಕರ ಒಪ್ಪಿಗೆ ಬೇಕು. ಇನ್ನೊಂದೆಡೆ, ಧಾರ್ಮಿಕ ಬೋಧನೆ ಬೇರೆ, ಧರ್ಮಗಳ ಬಗ್ಗೆ ತಿಳಿವಳಿಕೆ ನೀಡುವುದು ಬೇರೆ ಎಂದು ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲಿಯೇ ಹೇಳಿದೆ. ನಾಟಕ ಎರಡನೆಯ ವರ್ಗಕ್ಕೆ ಸೇರಬೇಕು. ಅದು ಪ್ರಾರ್ಥನಾ ಸಭೆಯಾಗಬಾರದು. ಕಾನೂನು ಎಲ್ಲೆಡೆ ಕೇಳದಿದ್ದರೂ ಪೋಷಕರಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯುವುದು ಒಳ್ಳೆಯ ಆಡಳಿತ. ಬೇಡವೆಂದ ಪೋಷಕರ ಮಗುವಿಗೆ ಅವಮಾನವಾಗದಂತೆ ಬೇರೆ ಕೆಲಸ ಕೊಡುವುದು ಒಳ್ಳೆಯ ಮನಸ್ಸು. ಇದೇ ನಿಯಮ ಬಸವ ಜಯಂತಿಯ ರೂಪಕಕ್ಕೂ, ಕನಕದಾಸರ ನಾಟಕಕ್ಕೂ ಅನ್ವಯಿಸಲಿ. ಮೊಹರಂ ಬಂದರೆ ಊರಿಗೆ ಊರೇ ಅಲಾಯಿ ಕುಣಿಯುವ ಸೀಮೆ ನಮ್ಮದು. ಇನ್ನೊಬ್ಬರ ಕಥೆಯಲ್ಲಿ ಪಾತ್ರ ವಹಿಸಿದರೆ ತನ್ನ ಕಥೆ ಅಳಿದುಹೋಗುತ್ತದೆ ಎಂಬ ಭಯ ನಮ್ಮ ಹಿರಿಯರಿಗಿರಲಿಲ್ಲ.

ಹಾಗಾದರೆ ನಾಟಕ ಹೇಗಿರಬೇಕು? ನಾನು ರಂಗತಜ್ಞನಲ್ಲ. ಆದರೆ ಬಯಲಾಟದ ಸೀಮೆಯಲ್ಲಿ ಹುಟ್ಟಿ, ರಾತ್ರಿಯಿಡೀ ಕಣದಲ್ಲಿ ಕುಳಿತು ದೊಡ್ಡಾಟ ನೋಡಿದವನು. ದೊಡ್ಡಾಟದಲ್ಲಿ ಸಾರಥಿಯೆಂಬ ಪಾತ್ರವಿರುತ್ತದೆ. ರಂಗಕ್ಕೆ ಬಂದ ಪ್ರತಿಯೊಬ್ಬರನ್ನೂ ಅವನು ನೀವು ಯಾರು, ಎಲ್ಲಿಂದ ಬಂದಿರಿ, ಬಂದ ಕಾರಣವೇನು ಎಂದು ವಿಚಾರಿಸುತ್ತಾನೆ. ಗಣತಿದಾರನ ಕೆಲಸವೂ ಅದೇ ಅಲ್ಲವೇ? ಕೈಯಲ್ಲಿ ದಪ್ಪ ವಹಿ ಹಿಡಿದ ಒಬ್ಬ ಪುಟ್ಟ ಗಣತಿದಾರನನ್ನೇ ಸಾರಥಿಯನ್ನಾಗಿಸಬಹುದು. ಯೋಸೇಫ, ಮರಿಯ, ಛತ್ರದವನು, ಕುರಿಗಾಹಿಗಳು, ಜ್ಞಾನಿಗಳು ಒಬ್ಬೊಬ್ಬರೇ ಬಂದು ಅವನಿಗೆ ಉತ್ತರ ಹೇಳುತ್ತಾರೆ. ಕೊನೆಗೆ ಅವನು ಗೋದಲಿಯ ಮುಂದೆ ನಿಂತು, ಹೆಸರಿಡದ ಮಗುವನ್ನು ಹೇಗೆ ಬರೆದುಕೊಳ್ಳಲಿ ಎಂದು ಕೇಳುತ್ತಾನೆ. ಇಷ್ಟಾದರೆ ನಾಟಕದ ಹಂದರ ನಿಂತಂತೆ.

ಸಂಗೀತಕ್ಕೂ ದೂರ ಹೋಗಬೇಕಾಗಿಲ್ಲ. ಮರಿಯಳಿಗೆ ನಮ್ಮ ಹೆಂಗಸರ ಜೋಗುಳದ ಧಾಟಿಯಿದೆ; ಹರಪನಹಳ್ಳಿ ಭೀಮವ್ವನಂತಹ ಹಾಡುಗಾರ್ತಿಯ ಹೆಸರನ್ನು ಹೊತ್ತ ಊರಿದು. ಕುರಿಗಾಹಿಗಳಿಗೆ ಡೊಳ್ಳಿದೆ, ದೇವದೂತರ ಗುಂಪಿಗೆ ಕೋಲಾಟವಿದೆ. ಒಂದು ಹಾರ್ಮೋನಿಯಂ, ಒಂದು ಹಲಗೆ, ನಾಲ್ಕು ಜೊತೆ ತಾಳ ಸಾಕು. ಜಗತ್ತಿಗೆಲ್ಲ ಪರಿಚಿತವಾದ ‘ಸೈಲೆಂಟ್ ನೈಟ್’ ಗೀತೆಗೆ ರಾಗ ಹಾಕಿದ ಫ್ರಾಂಜ್ ಗ್ರೂಬರ್ ಆಸ್ಟ್ರಿಯದ ಒಬ್ಬ ಹಳ್ಳಿ ಶಾಲಾ ಮಾಸ್ತರ. 1818ರ ಡಿಸೆಂಬರ್ 24ರಂದು ಅದನ್ನು ಮೊದಲು ಹಾಡಿದಾಗ ಜೊತೆಗಿದ್ದ ವಾದ್ಯ ಒಂದು ಗಿಟಾರ್ ಮಾತ್ರ. ಗೋದಲಿಯ ದೃಶ್ಯವನ್ನು 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಕಟ್ಟಿ ತೋರಿಸಿದ ಸಂತ ಫ್ರಾನ್ಸಿಸ್ ಬಳಸಿದ್ದೂ ಹುಲ್ಲು, ಗೋದಲಿ, ಒಂದು ಎತ್ತು, ಒಂದು ಕತ್ತೆಗಳನ್ನೇ. ಬಡತನದ ವ್ರತ ಹಿಡಿದಿದ್ದ ಅವನಿಗೆ ಬಾಡಿಗೆ ಉಡುಪಿನ ಅಂಗಡಿ ಬೇಕಾಗಿರಲಿಲ್ಲ. ನಮ್ಮಲ್ಲಿ ಹುಲ್ಲಿಗೆ, ಎತ್ತಿಗೆ, ಕಂಬಳಿಗೆ ಬರವೇ? ಗೋದಲಿ ಎಂಬ ಮಾತೂ ನಮ್ಮ ಮಕ್ಕಳಿಗೆ ಗ್ರಂಥದ ಮಾತಲ್ಲ. ಅವರ ಹಿತ್ತಲಿನ ‘ಗ್ವಾದ್ಲಿ’.

ಪಾತ್ರಗಳ ಕೊರತೆಯ ಮಾತೂ ನಿಲ್ಲುವುದಿಲ್ಲ. ಮೂಲ ಕಥನದಲ್ಲಿ ಕುರಿಗಾಹಿಗಳು ಇಷ್ಟೇ ಜನರೆಂದು ಎಣಿಸಿಲ್ಲ. ಪೂರ್ವದಿಂದ ಬಂದ ಜ್ಞಾನಿಗಳು ಮೂವರೇ ಎಂದು ಮತ್ತಾಯನೂ ಹೇಳಿಲ್ಲ. ಕಾಣಿಕೆಗಳು ಮೂರು, ಅಷ್ಟೇ. ದೇವದೂತರದು ದೊಡ್ಡ ಸಮೂಹ. ಬಾಗಿಲು ಮುಚ್ಚುವ ಛತ್ರದವನು ಲೂಕನಲ್ಲಿ ಇಲ್ಲವೇ ಇಲ್ಲ, ನಾಟಕಕಾರರು ಸೇರಿಸಿಕೊಂಡವನು. ಹೊಸ ಕಥೆಯನ್ನು ನಾಡಿನ ಹಳೆಯ ರೂಪಕ್ಕೆ ಒಗ್ಗಿಸುವುದು ನಮಗೆ ತಿಳಿಯದ ವಿದ್ಯೆಯೂ ಅಲ್ಲ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ತೊಗಲುಗೊಂಬೆಯಾಟದಲ್ಲಿ ಗಾಂಧೀಜಿಯವರ ಬದುಕನ್ನೇ ಆಡಿಸಿ ತೋರಿಸಿದ್ದರು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಒಂದು ಮಾತು. ಮೂವತ್ತು ಮಕ್ಕಳು ಹಾಡುವ ಮೇಳಕ್ಕೆ ಮೂವತ್ತೊಂದನೆಯ ಮಗುವನ್ನು ಸೇರಿಸಿಕೊಂಡರೆ ತಗಲುವ ಹೆಚ್ಚಿನ ವೆಚ್ಚ ಬಹುತೇಕ ಶೂನ್ಯ. ಆ ಮಗುವಿಗೆ ಸಿಗುವ ಲಾಭ ಮಾತ್ರ ಸಣ್ಣದಲ್ಲ: ನಾಲ್ಕು ಜನರ ಮುಂದೆ ನಿಂತು ದನಿ ತೆಗೆದ ನೆನಪು ಬಾಳಿನುದ್ದಕ್ಕೂ ಉಳಿಯುತ್ತದೆ. ಖರ್ಚಿಲ್ಲದೆ ಹಂಚಬಹುದಾದ ವಸ್ತುವಿಗೆ ನಾವೇ ಬೆಲೆಚೀಟಿ ಅಂಟಿಸಿ ಅಭಾವ ಸೃಷ್ಟಿಸಿದ್ದೇವೆ. ಕಲಾಶಿಕ್ಷಣ ಪಠ್ಯದ ಅಂಗವಾಗಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. ಪಠ್ಯಪುಸ್ತಕ ಕೊಳ್ಳಲಾಗದ ಮಗುವನ್ನು ತರಗತಿಯಿಂದ ಹೊರಗಿಡುವುದು ತಪ್ಪೆಂದು ಒಪ್ಪುವ ನಾವು, ಉಡುಪು ಕೊಳ್ಳಲಾಗದ ಮಗುವನ್ನು ರಂಗದಿಂದ ಇಳಿಸುವುದನ್ನು ಸಹಜವೆಂದು ಭಾವಿಸುವುದೇಕೆ?

ಆದ್ದರಿಂದ ಶಾಲಾ ಆಡಳಿತ ಮಂಡಳಿಗಳಲ್ಲಿ, ನಗರದ ಪೋಷಕರಲ್ಲಿಯೂ, ನನ್ನ ವಿನಂತಿ ಸರಳವಾದುದು. ನಾಟಕ ಮಕ್ಕಳಿಗೆ ಅರ್ಥವಾಗುವ ನುಡಿಯಲ್ಲಿರಲಿ. ಉಡುಪು ಮನೆಯಲ್ಲಿರುವ ಬಟ್ಟೆಯಿಂದಲೇ ಆಗಲಿ. ಬಯಸಿದ ಪ್ರತಿ ಮಗುವಿಗೂ ರಂಗದ ಮೇಲೆ ಒಂದು ಜಾಗ, ಒಂದು ಮಾತು ಇರಲಿ. ಅದಕ್ಕೆ ಶುಲ್ಕ ಬೇಡ. ನನ್ನಂತೆ ಮುಖ್ಯ ಅತಿಥಿಗಳಾಗಿ ಹೋಗುವವರು ಭಾಷಣಕ್ಕೆ ಮೊದಲು, ಕೆಳಗೆ ಕುಳಿತ ಮಕ್ಕಳು ಏಕೆ ಕೆಳಗಿದ್ದಾರೆ ಎಂದು ಒಮ್ಮೆ ವಿಚಾರಿಸಲಿ.

2021ರಲ್ಲಿ ನಡೆಯಬೇಕಿದ್ದ ನಮ್ಮ ಜನಗಣತಿ ಮುಂದೆ ಹೋಗಿ, 2025ರ ಜೂನ್‌ನ ಅಧಿಸೂಚನೆಯಲ್ಲಿ 2027ರ ಮಾರ್ಚ್ 1 ಅನ್ನು ಆಧಾರ ದಿನವಾಗಿ ಗೊತ್ತುಪಡಿಸಲಾಯಿತು. ಆ ಗಣತಿಯ ಪಟ್ಟಿಯಲ್ಲಿ ನಮ್ಮ ಓಣಿಯ ಹುಡುಗನೂ ಒಂದು ಸಂಖ್ಯೆ. ಮೊನ್ನೆ ಅವನನ್ನು ಮಾತಾಡಿಸಿ, ನಕ್ಷತ್ರದ ಬಗ್ಗೆ ಅವನು ಆಡಬೇಕಿದ್ದ ಮಾತಿನ ಅರ್ಥವನ್ನು ಕನ್ನಡದಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಯೋಚಿಸಿದ. ‘ಹಟ್ಟ್ಯಾಗ ಮಲಕೊಂಡ್ರ ಅಂಥವು ಬಾಳ ಕಾಣ್ತಾವ್ರೀ ಅಜ್ಜಾ’ ಎಂದ. ಆ ಮಾತನ್ನು ಅವನ ಬಾಯಿಂದ ವೇದಿಕೆಯ ಮೇಲೆ ಕೇಳುವ ದಿನಕ್ಕಾಗಿ ನಾನು ಕಾಯುತ್ತಿದ್ದೇನೆ.